ರಾಜ್ಯವಿಲ್ಲದ ರಾಜನ ಅರವತ್ತನಾಲ್ಕು ಮನೆಗಳು

2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ 18 ವರ್ಷದ ಡಿ. ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಚಿಕ್ಕಬಳ್ಳಾಪುರದಲ್ಲಿಯೂ ಅಟ್ಟದ ಮೇಲಿದ್ದ ಚದುರಂಗದ ಹಲಗೆಗಳು ಕೆಳಗಿಳಿದವು. ಎದುರು ಮನೆಯ ಏಳನೆಯ ತರಗತಿಯ ಹುಡುಗಿ ಒಂದು ಸಂಜೆ ಪ್ಲಾಸ್ಟಿಕ್ ಕಾಯಿಗಳ ಪೆಟ್ಟಿಗೆ ಹಿಡಿದುಕೊಂಡು ಬಂದು, ತಾತ ಆಟ ಕಲಿಸಬೇಕೆಂದು ಕುಳಿತಳು. ನಾನು ಗೌರಿಬಿದನೂರಿನ ಪ್ರೌಢಶಾಲೆಯಲ್ಲಿ ಮೂರು ದಶಕ ಗಣಿತ ಹೇಳಿ ನಿವೃತ್ತನಾದವನು, ಹೇಳಿಕೊಳ್ಳುವಂಥ ಆಟಗಾರನಲ್ಲ. ಚದುರಂಗದಲ್ಲಿ ನನಗೆ ಸ್ವಲ್ಪ ಚೆನ್ನಾಗಿ ಗೊತ್ತಿರುವುದು ಒಂದೇ, ಕುದುರೆಯ ದಾರಿ. ಅದನ್ನು ನನಗೆ ಕಲಿಸಿದವರು ಇಬ್ಬರು. ಒಬ್ಬರು ಮೈಸೂರಿನ ಅರಸರು, ಇನ್ನೊಬ್ಬರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದ ನನ್ನ ತಂದೆ. ಇಬ್ಬರೂ ತೀರಿಕೊಂಡ ಮೇಲೆಯೇ ನಾನು ಅವರ ಶಿಷ್ಯನಾದೆ.

ಅರಸರೆಂದರೆ ಮುಮ್ಮಡಿ ಕೃಷ್ಣರಾಜ ಒಡೆಯರು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರಿಗೆ ಸಿಗುವ ಜಾಗ ಬಹಳ ಕಡಿಮೆ. ಟಿಪ್ಪುವಿನ ಪತನವಾದ ಮೇಲೆ ಅವರನ್ನು ಪಟ್ಟಕ್ಕೆ ಕೂರಿಸಲಾಯಿತು, 1831ರಲ್ಲಿ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡರು, 1881ರಲ್ಲಿ ರಾಜ್ಯ ಮರಳಿ ಅರಸು ಮನೆತನಕ್ಕೆ ಬಂದಿತು. ಈ ಮೂರು ಇಸವಿಗಳ ನಡುವೆ ಒಬ್ಬ ಮನುಷ್ಯನ ಇಡೀ ಬದುಕು ಸಂದುಹೋಗಿರುವುದು ತರಗತಿಯಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ಗಮನಕ್ಕೆ ಬಂದವರೂ ಸಾಮಾನ್ಯವಾಗಿ ಒಂದೇ ತೀರ್ಪು ಕೊಡುತ್ತಾರೆ: ರಾಜ್ಯ ಕೈಬಿಟ್ಟುಹೋದಾಗ ಇಸ್ಪೀಟು, ಚದುರಂಗಗಳಲ್ಲಿ ಕಾಲ ಕಳೆದ ದೊರೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಹಾಗೆ ತಿಳಿಯಲು ನನಗೆ ಮನೆಯಲ್ಲಿಯೇ ಒಂದು ಕಾರಣವಿತ್ತು.

ಮೊದಲು ಅರಸರ ಕಥೆ. ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ಅಲ್ಲಿ ಆಳುತ್ತಿದ್ದವನು ಟಿಪ್ಪು. ಒಡೆಯರ ಮನೆತನ ಹೆಸರಿಗಷ್ಟೇ ಉಳಿದಿತ್ತು. ಮಗುವಿಗೆ ಎರಡು ವರ್ಷವಾಗುವಷ್ಟರಲ್ಲಿ ತಂದೆ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡರು. 1799ರ ಮೇ 4ರಂದು ಕೋಟೆ ಬಿದ್ದಿತು. ಮುಂದಿನ ಎರಡೇ ತಿಂಗಳೊಳಗೆ, ಜೂನ್ 30ರಂದು, ಐದು ತುಂಬದ ಆ ಬಾಲಕನನ್ನು ಮೈಸೂರಿನಲ್ಲಿ ಸಿಂಹಾಸನದ ಮೇಲೆ ಕೂರಿಸಿದರು. ಆ ಸಿಂಹಾಸನದ ಬೆಲೆ ಒಪ್ಪಂದದ ಪತ್ರದಲ್ಲಿಯೇ ಬರೆದಿತ್ತು. ವರ್ಷಕ್ಕೆ 7 ಲಕ್ಷ ವರಹಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಸೇನೆಯ ವೆಚ್ಚವೆಂದು ಸಲ್ಲಿಸಬೇಕು. ಆಡಳಿತ ಕೆಟ್ಟಿತೆಂದು ಕಂಪನಿಗೆ ತೋರಿದರೆ ರಾಜ್ಯವನ್ನೇ ವಹಿಸಿಕೊಳ್ಳುವ ಹಕ್ಕು ಅದಕ್ಕಿದೆ. ಆ ಹುಡುಗನಿಗೆ ಓದಲು ಬರುವ ಮೊದಲೇ ಅವನ ಮುಂದಿನ ಆಟದ ನಿಯಮಗಳನ್ನು ಬೇರೆಯವರು ಬರೆದಿಟ್ಟಿದ್ದರು.

ಅಜ್ಜಿ ಲಕ್ಷ್ಮಮ್ಮಣ್ಣಿಯವರ ಆಶ್ರಯದಲ್ಲಿ, ದಿವಾನ್ ಪೂರ್ಣಯ್ಯನವರ ಬಿಗಿಯಾದ ಕಾವಲಿನಲ್ಲಿ ಅವರು ಬೆಳೆದರು. 1810ರಲ್ಲಿ ಅಜ್ಜಿ ತೀರಿಕೊಂಡರು. 1811ರಲ್ಲಿ ಪೂರ್ಣಯ್ಯನವರು ಅಧಿಕಾರದಿಂದ ಇಳಿದು ಮರುವರ್ಷವೇ ಇಲ್ಲವಾದರು. ಹದಿನೇಳು ವರ್ಷದ ಯುವಕನ ಕೈಗೆ ತುಂಬಿದ ಖಜಾನೆಯೂ ಅನುಭವವಿಲ್ಲದ ಅಧಿಕಾರವೂ ಒಟ್ಟಿಗೇ ಬಂದವು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅವರು ದಾನ ಮಾಡಿದರು, ದೇವಾಲಯ ಕಟ್ಟಿಸಿದರು, ವಿದ್ವಾಂಸರನ್ನು ಸಾಕಿದರು. ತಮಗೆ ನೆನಪಿರಲಾರದ ತಂದೆಯ ಹೆಸರನ್ನು ಅವರ ಹುಟ್ಟೂರಾದ ಅರಿಕುಠಾರಕ್ಕೆ ಇಟ್ಟು ಚಾಮರಾಜನಗರವೆಂದು ಕರೆದರು. 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅವರ ಆಶ್ರಯದಲ್ಲಿದ್ದ ಕೆಂಪುನಾರಾಯಣ 1823ರಲ್ಲಿ ಬರೆದ ಮುದ್ರಾಮಂಜೂಷ ಹೊಸಗನ್ನಡ ಗದ್ಯದ ಮೊದಲ ಹೆಜ್ಜೆಗಳಲ್ಲಿ ಒಂದೆಂದು ಇಂದಿಗೂ ಎಣಿಕೆಯಾಗುತ್ತದೆ.

ಆದರೆ ಖಜಾನೆ ಬರಿದಾಯಿತು, ಸಾಲ ಬೆಳೆಯಿತು. ಇಂತಿಷ್ಟು ಕಂದಾಯ ತಂದುಕೊಡುತ್ತೇನೆಂದು ಅಮಲ್ದಾರರಿಂದ ಒಪ್ಪಿಗೆ ಬರೆಸಿಕೊಳ್ಳುವ ಶರತ್ತು ಪದ್ಧತಿ ಬಂದಿತು. ಒಪ್ಪಿದ ಮೊತ್ತವನ್ನು ತುಂಬಲು ಅಮಲ್ದಾರ ರೈತನನ್ನು ಹಿಂಡಿದ. 1830ರಲ್ಲಿ ನಗರ ಸೀಮೆಯ ರೈತರು ಎದ್ದರು. ಬೂದಿ ಬಸವಪ್ಪ ಅವರ ನಾಯಕನಾಗಿ ಮೆರೆದ. ಈ ದಂಗೆಯ ಹಿಂದಿನ ನೋವು ನಿಜವಾದದ್ದು. ಮುಮ್ಮಡಿಯವರನ್ನು ಮೆಚ್ಚುವವರು ಅದನ್ನು ಮರೆಮಾಚಬಾರದು. 1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಒಪ್ಪಂದದ ಹಳೆಯ ವಿಧಿಯನ್ನು ಮುಂದಿಟ್ಟು ಮೈಸೂರಿನ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡ. ಆಮೇಲೆ ನಿಜಸ್ಥಿತಿಯನ್ನು ಪರಿಶೀಲಿಸಲು ನಾಲ್ವರ ಸಮಿತಿಯೊಂದು ನೇಮಕವಾಯಿತು. 1833ರ ಅದರ ವರದಿ ಅರಸರ ಮೇಲಿನ ಆರೋಪಗಳನ್ನು ಬಹಳಷ್ಟು ಹಗುರಗೊಳಿಸಿತು. ಶಿಕ್ಷೆ ಮೊದಲು, ವಿಚಾರಣೆ ಆಮೇಲೆ. ಆ ನಾಲ್ವರಲ್ಲಿ ಒಬ್ಬನಾಗಿದ್ದ ಮಾರ್ಕ್ ಕಬ್ಬನ್ 1834ರಲ್ಲಿ ಮೈಸೂರಿನ ಕಮಿಷನರ್ ಆದ. 1861ರವರೆಗೆ ರಾಜ್ಯವನ್ನು ಆಳಿದವನು ಅವನೇ.

ನನ್ನ ಮನೆಯ ಮಹಡಿಯಿಂದ ನಂದಿ ಬೆಟ್ಟ ಕಾಣುತ್ತದೆ. ಕಬ್ಬನ್ ಬೇಸಿಗೆಯಲ್ಲಿ ಬಂದು ತಂಗುತ್ತಿದ್ದುದು ಆ ಬೆಟ್ಟದ ಮೇಲೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಈ ಬಯಲು ಸೀಮೆ ಹೆಸರಿಗೆ ಮುಮ್ಮಡಿಯವರ ರಾಜ್ಯ. ಆದರೆ ಇಲ್ಲಿನ ಕೆರೆಯ ಏರಿ ಒಡೆದರೆ, ಕಂದಾಯ ತಪ್ಪಿದರೆ ನಿರ್ಧಾರವಾಗುತ್ತಿದ್ದುದು ಬೆಂಗಳೂರಿನಲ್ಲಿ. ಬೇಸಿಗೆಯಾದರೆ ಬೆಟ್ಟದ ತಂಪಿನಲ್ಲಿ. ಅರಸರಿಗೆ ಉಳಿದದ್ದು ಅರಮನೆ, ವರ್ಷಕ್ಕೆ 1 ಲಕ್ಷ ವರಹ ಮತ್ತು ರಾಜ್ಯದ ನಿವ್ವಳ ಆದಾಯದಲ್ಲಿ ಐದನೆಯ ಒಂದು ಪಾಲು. ಆಗ ಅವರಿಗೆ 37 ವರ್ಷ. ಮುಂದೆ ಬದುಕಿದ್ದು ಇನ್ನೂ 36 ವರ್ಷಗಳಿಗಿಂತ ಹೆಚ್ಚು. ಮಾಡಲು ಕೆಲಸವಿಲ್ಲದ ಅಷ್ಟು ದೀರ್ಘ ಕಾಲವನ್ನು ಮನುಷ್ಯ ಹೇಗೆ ಕಳೆಯಬೇಕು?

ಈ ಪ್ರಶ್ನೆ ನಮ್ಮ ಮನೆಯಲ್ಲಿಯೂ ಒಂದು ಕಾಲಕ್ಕೆ ಬಂದು ಕುಳಿತಿತ್ತು. ಶಿಡ್ಲಘಟ್ಟದಲ್ಲಿ ನನ್ನ ತಂದೆ ಹತ್ತಾರು ಜನ ದುಡಿಯುವ ಒಂದು ಸಣ್ಣ ಚರಕ ಘಟಕ ನಡೆಸುತ್ತಿದ್ದರು. ಮಾರುಕಟ್ಟೆಯಲ್ಲಿ ಗೂಡು ಕೂಗಿ ತರುವುದು, ಕುದಿಯುವ ನೀರಿಗೆ ಹಾಕಿ ಎಳೆ ತೆಗೆಯುವುದು, ನೂಲು ಮಾರುವುದು. ಗೂಡಿನ ದರ ಏರಿ ನೂಲಿನ ದರ ಇಳಿದ ವರ್ಷಗಳಲ್ಲಿ ಎರಡರ ನಡುವೆ ಸಿಕ್ಕಿಕೊಂಡವರು ಅನೇಕರು. 1978ರಲ್ಲಿ ನಮ್ಮ ಘಟಕ ಮುಚ್ಚಿತು. ಚರಕಗಳು ಸಾಲಕ್ಕೆ ಹೋದವು. ಆಗ ಅಪ್ಪನಿಗೆ ನಲವತ್ತರ ಆಸುಪಾಸು. ನಾನು ಕಾಲೇಜಿನ ಹುಡುಗ. ಆಮೇಲೆ ಅಪ್ಪ ಸಿಕ್ಕ ಕಡೆ ಲೆಕ್ಕ ಬರೆದು ಅಷ್ಟಿಷ್ಟು ತರುತ್ತಿದ್ದರು. ಉಳಿದ ಹೊತ್ತು ಜಗಲಿಯ ಮೇಲೆ ಚದುರಂಗದ ಹಲಗೆ ಹರಡಿಕೊಂಡು ಒಬ್ಬರೇ ಕೂರುತ್ತಿದ್ದರು. ಎದುರಿಗೆ ಯಾರೂ ಇರುತ್ತಿರಲಿಲ್ಲ. ಹಲಗೆಯ ಮೇಲೆ ಬೇರೆ ಕಾಯಿಗಳೂ ಇರುತ್ತಿರಲಿಲ್ಲ. ಒಂದೇ ಕುದುರೆ, ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಮೊಂಡು ಪೆನ್ಸಿಲು.

ಅಮ್ಮ ಏನೂ ಹೇಳುತ್ತಿರಲಿಲ್ಲ. ಬಂದ ನೆಂಟರು ಹೇಳುತ್ತಿದ್ದರು. ನಾನು ಹೇಳದೆ, ಅದಕ್ಕಿಂತ ಕೆಟ್ಟದಾಗಿ, ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದೆ. ಬೇಸಿಗೆಯ ರಜೆಯಲ್ಲಿ ಚಿಂತಾಮಣಿಯ ಸೋದರಮಾವನ ಮನೆಯಲ್ಲಿ ನನಗೆ ಆಟ ಕಲಿತಾಗಿತ್ತು. ಆದರೂ ಒಮ್ಮೆಯೂ ಅಪ್ಪನ ಎದುರು ಕೂರಲಿಲ್ಲ. ಕೂತರೆ ಆ ಸೋಮಾರಿತನಕ್ಕೆ ನಾನೂ ಸಹಿ ಹಾಕಿದಂತಾಗುತ್ತದೆ ಎಂಬ ಹಟ. ಆ ದಿನಗಳಲ್ಲಿಯೇ ನಾನು ಪ್ರೇಮಚಂದರ ಶತರಂಜ್ ಕೇ ಖಿಲಾಡಿ ಕಥೆಯ ಅನುವಾದವನ್ನು ಓದಿದ್ದು. 1856ರಲ್ಲಿ ಅವಧ್ ರಾಜ್ಯವನ್ನು ಕಂಪನಿ ನುಂಗುತ್ತಿದ್ದರೂ ಆಟ ಬಿಡದ ಇಬ್ಬರು ಶ್ರೀಮಂತರ ಕಥೆ ಅದು. ನನಗೆ ಅಪ್ಪ ಕಂಡರು, ಮುಮ್ಮಡಿಯವರೂ ಕಂಡರು. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತೀರ್ಪು ಕೊಟ್ಟುಬಿಟ್ಟೆ.

ಅಪ್ಪ 1996ರಲ್ಲಿ ಹೋದರು. ವರ್ಷಾಂತಿಕದ ಹೊತ್ತಿಗೆ ಟ್ರಂಕು ತೆರೆದಾಗ ಒಂಬತ್ತು ನೋಟ್‌ಬುಕ್ಕುಗಳು ಸಿಕ್ಕಿದವು. ಪ್ರತಿ ಪುಟದಲ್ಲಿಯೂ ಎಂಟು ಗುಣಿಸು ಎಂಟರ ಚೌಕ. ಪ್ರತಿ ಮನೆಯಲ್ಲಿಯೂ ಒಂದು ಸಂಖ್ಯೆ. ಒಂದರಿಂದ ಅರವತ್ತನಾಲ್ಕರವರೆಗೆ. ಮೊದಲ ಪುಸ್ತಕದ ಚೌಕಗಳು ನಲವತ್ತೆರಡರಲ್ಲೋ ಐವತ್ತೊಂದರಲ್ಲೋ ನಿಂತುಹೋಗಿದ್ದವು. ಎರಡನೆಯದರಲ್ಲಿ ಅರವತ್ತನಾಲ್ಕು ಮುಟ್ಟಿದ್ದವು. ಕೊನೆಯ ಪುಸ್ತಕದಲ್ಲಿ ಪ್ರತಿ ಸಾಲಿನ ಪಕ್ಕದಲ್ಲಿಯೂ ಕೂಡಿದ ಮೊತ್ತಗಳಿದ್ದವು. ಮತ್ತೆ ಮತ್ತೆ ಒಂದೇ ಸಂಖ್ಯೆ, 260. ಗಣಿತದ ಮೇಷ್ಟರಾಗಿದ್ದ ನನಗೆ ಅದೇನೆಂದು ಗೊತ್ತಾಗಲಿಲ್ಲ. ಅದನ್ನು ತಿಳಿಯಲು ಹೊರಟವನು ಮೈಸೂರಿಗೆ ಬಂದು ಮುಟ್ಟಿದೆ.

ಕುದುರೆಯ ಸಮಸ್ಯೆ ಹೇಳಲು ಸುಲಭ. ಖಾಲಿ ಹಲಗೆಯ ಮೇಲೆ ಕುದುರೆಯನ್ನಿಟ್ಟು, ಅದರ ನಡೆಯನ್ನೇ ನಡೆಸುತ್ತ, ಯಾವ ಮನೆಗೂ ಎರಡನೆಯ ಸಲ ಹೋಗದೆ ಅರವತ್ತನಾಲ್ಕು ಮನೆಗಳನ್ನೂ ಮುಟ್ಟಬೇಕು. ಇದು ನಮ್ಮಲ್ಲಿ ಬಹಳ ಹಳೆಯದು. ಒಂಬತ್ತನೆಯ ಶತಮಾನದ ರುದ್ರಟ ತನ್ನ ಕಾವ್ಯಾಲಂಕಾರದಲ್ಲಿ ತುರಗಪದಬಂಧವನ್ನು ಚಿತ್ರಕವಿತ್ವದ ಒಂದು ಬಗೆಯಾಗಿ ಹೇಳುತ್ತಾನೆ: ಅಕ್ಷರಗಳನ್ನು ಮನೆಗಳಲ್ಲಿ ಬರೆದಿಟ್ಟು, ನೇರವಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಪದ್ಯ ಸಿಗಬೇಕು. ವೇದಾಂತ ದೇಶಿಕರು ಪಾದುಕಾಸಹಸ್ರದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಚದುರಂಗಕ್ಕೆ ವಿಸ್ತಾರವಾದ ಜಾಗವಿದೆ. ಯುರೋಪಿನಲ್ಲಿ ಲಿಯೊನಾರ್ಡ್ ಆಯ್ಲರ್ ಎಂಬ ಮಹಾಗಣಿತಜ್ಞ 1759ರಲ್ಲಿ ಇದನ್ನು ಗಣಿತದ ವಿಷಯವಾಗಿ ಕೈಗೆತ್ತಿಕೊಂಡ.

ಮುಮ್ಮಡಿಯವರು ಈ ಪರಂಪರೆಗೆ ಬಂದದ್ದು ಕವಿತ್ವದ ಬಾಗಿಲಿನಿಂದಲೋ ಲೆಕ್ಕದ ಬಾಗಿಲಿನಿಂದಲೋ ಎಂದು ವಿಂಗಡಿಸುವುದು ವ್ಯರ್ಥ. ಅವರಿಗೆ ಎರಡೂ ಒಂದೇ ಅಂಗಳ. ನಲವತ್ತಕ್ಕೂ ಹೆಚ್ಚು ಕೃತಿಗಳು ಅವರ ಹೆಸರಿನಲ್ಲಿವೆ. ಅವುಗಳಲ್ಲಿ ಸೌಗಂಧಿಕಾ ಪರಿಣಯದಂಥ ಕಾವ್ಯವೂ ಇದೆ. ಎಲ್ಲಕ್ಕಿಂತ ದೊಡ್ಡದು ಶ್ರೀತತ್ತ್ವನಿಧಿ. ಒಂಬತ್ತು ನಿಧಿಗಳಾಗಿ ಹಬ್ಬಿರುವ ಆ ಸಚಿತ್ರ ಕೋಶದಲ್ಲಿ ದೇವತೆಗಳ ರೂಪಲಕ್ಷಣಗಳು, ಗ್ರಹಗಳು, ಆಗಮಗಳು ಎಲ್ಲವೂ ಇವೆ. ಕೊನೆಯದು ಕೌತುಕನಿಧಿ. ಹಲಗೆಯಾಟಗಳೂ ಎಲೆಯಾಟಗಳೂ ಅಲ್ಲಿವೆ. ಯೋಗಾಸನಗಳ 122 ಚಿತ್ರಗಳು ಇರುವುದೂ ಇದೇ ಕೃತಿಯಲ್ಲಿ, 1996ರಲ್ಲಿ ಎನ್. ಇ. ಶೋಮನ್ ಎಂಬ ವಿದ್ವಾಂಸರು ಅವನ್ನು ಪ್ರಕಟಿಸಿದ ಮೇಲೆ ಯೋಗದ ಇತಿಹಾಸ ಬರೆಯುವವರೆಲ್ಲ ಮೈಸೂರಿನ ಈ ಗ್ರಂಥದತ್ತ ತಿರುಗಬೇಕಾಯಿತು. ಗಂಜೀಫಾ ಎಲೆಯಾಟವನ್ನು ಅರಸರು ಹಿಗ್ಗಿಸಿದ ಬಗೆಯೂ ಹಾಗೆಯೇ. ಅವರು ರೂಪಿಸಿದ ಚಾಮುಂಡೇಶ್ವರಿ ಛದದಲ್ಲಿ 320 ಎಲೆಗಳು. ಇದು ಹೊತ್ತು ಕಳೆಯಲು ಆಡುವವನ ಕೆಲಸವಲ್ಲ. ಹೊತ್ತು ಕಳೆಯುವವನಿಗೆ ಐವತ್ತೆರಡು ಎಲೆ ಸಾಕು.

ಕುದುರೆಯ ನಡಿಗೆಗಳನ್ನು ಅವರು ಒಂದೆರಡಲ್ಲ, ಹಲವಾರು ರಚಿಸಿದರು. ಚದುರಂಗದ ಇತಿಹಾಸಕಾರ ಎಚ್. ಜೆ. ಆರ್. ಮರ್ರೆ ಈ ಸಮಸ್ಯೆಯ ಚರಿತ್ರೆಯಲ್ಲಿ ಮೈಸೂರಿನ ರಾಜರಿಗೆ ಸ್ಥಾನ ಕೊಟ್ಟಿದ್ದಾನೆ. ಅವರ ನಡಿಗೆಗಳಲ್ಲಿ ನನ್ನ ಕಣ್ಣು ನಿಂತದ್ದು ಮೊತ್ತ ಕೂಡುವಂಥವುಗಳ ಮೇಲೆ. ಕುದುರೆ ಇಟ್ಟ ಹೆಜ್ಜೆಗಳಿಗೆ ಒಂದರಿಂದ ಅರವತ್ತನಾಲ್ಕರವರೆಗೆ ಸಂಖ್ಯೆ ಕೊಟ್ಟರೆ, ಎಲ್ಲ ಅಡ್ಡಸಾಲುಗಳೂ ಎಲ್ಲ ಉದ್ದಸಾಲುಗಳೂ 260 ಆಗುತ್ತವೆ. ಒಂದರಿಂದ ಅರವತ್ತನಾಲ್ಕರವರೆಗಿನ ಸಂಖ್ಯೆಗಳ ಒಟ್ಟು ಮೊತ್ತ 2080. ಅದನ್ನು ಎಂಟು ಸಾಲುಗಳಿಗೆ ಸಮನಾಗಿ ಹಂಚಿದರೆ 260. ಕುದುರೆಯ ನಡೆಯೂ ತಪ್ಪಬಾರದು, ಹಂಚಿಕೆಯೂ ತಪ್ಪಬಾರದು. ಇಂಥ ನಡಿಗೆಯೊಂದನ್ನು ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿ ಮೊದಲು ಪ್ರಕಟಿಸಿದ್ದು 1848ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಮಾನದಲ್ಲಿ, ಬದುಕಿನ ಕೊನೆಯ ಎರಡು ದಶಕಗಳಲ್ಲಿ, ಮುಮ್ಮಡಿಯವರು ಅರಮನೆಯಲ್ಲಿ ಕುಳಿತು ಇದೇ ದಾರಿಯಲ್ಲಿ ನಡೆಯುತ್ತಿದ್ದರು.

ಅದೆಷ್ಟು ಕಠಿಣವೆಂಬುದು ನಮ್ಮ ಕಾಲದಲ್ಲಿ ಗಣಕಯಂತ್ರಗಳಿಂದ ತಿಳಿದಿದೆ. ಹೊರಟ ಮನೆಗೇ ಮರಳಬಲ್ಲ ನಡಿಗೆಗಳ ಸಂಖ್ಯೆಯೇ 13 ಲಕ್ಷ ಕೋಟಿಗಿಂತ ಹೆಚ್ಚು. ಎಲ್ಲ ಸಾಲುಗಳೂ 260 ಆಗುವ ನಡಿಗೆಗಳೆಷ್ಟೆಂದು 2003ರಲ್ಲಿ ಯಂತ್ರಗಳನ್ನು ಎರಡು ತಿಂಗಳ ಲೆಕ್ಕಕ್ಕೆ ದುಡಿಸಿ ಹುಡುಕಿದಾಗ ಸಿಕ್ಕ ಮೂಲಭೂತ ನಡಿಗೆಗಳು 140 ಮಾತ್ರ. ಅಡ್ಡ, ಉದ್ದ ಸಾಲುಗಳ ಜತೆಗೆ ಎರಡೂ ಮೂಲೆಸಾಲುಗಳು ಸಹ 260 ಆಗುವಂಥದು ಎಂಟು ಮನೆಯ ಹಲಗೆಯಲ್ಲಿ ಒಂದೂ ಇಲ್ಲವೆಂದು ಆಗಲೇ ಸಿದ್ಧವಾಯಿತು. ಆ 140ರಲ್ಲಿ ಒಂದನ್ನು ಕೈಯಲ್ಲಿ, ಕಾಗದದ ಮೇಲೆ, ಅಳಿಸಿ ಬರೆದು ಕಂಡುಕೊಳ್ಳುವುದು ಎಂಥ ತಾಳ್ಮೆಯನ್ನು ಬೇಡುತ್ತದೆಂಬುದು ಪ್ರಯತ್ನಿಸಿದವರಿಗೆ ಮಾತ್ರ ತಿಳಿದೀತು.

ನಾನು ಪ್ರಯತ್ನಿಸಿದೆ. ಗೌರಿಬಿದನೂರಿನ ಬಾಡಿಗೆ ಮನೆಯಲ್ಲಿ, ಸಂಜೆ ಉತ್ತರ ಪತ್ರಿಕೆ ತಿದ್ದಿದ ಮೇಲೆ, ಅಪ್ಪನ ಮೊದಲ ಪುಸ್ತಕದ ಮೊದಲ ಪುಟದಿಂದ ಆರಂಭಿಸಿದೆ. ನನ್ನ ಕುದುರೆಯೂ ನಲವತ್ತರ ನಂತರ ಸಿಕ್ಕಿಕೊಳ್ಳುತ್ತಿತ್ತು. ತಪ್ಪು ಎಲ್ಲಿದೆಯೆಂದು ಕಾಣಲು ತಿಂಗಳುಗಳೇ ಹಿಡಿದವು. ನಡುಹಲಗೆಯ ಮನೆಯಲ್ಲಿ ನಿಂತ ಕುದುರೆಗೆ ಎಂಟು ದಾರಿ, ಮೂಲೆಯಲ್ಲಿ ನಿಂತದ್ದಕ್ಕೆ ಎರಡೇ. ಹೊಸಬ ಯಾವಾಗಲೂ ದಾರಿ ಹೆಚ್ಚಿರುವ ಕಡೆಗೆ, ನಡುವಿಗೇ ಓಡುತ್ತಾನೆ. ಮೂಲೆಗಳು ಅನಾಥವಾಗಿ ಉಳಿಯುತ್ತವೆ. ಕೊನೆಗೆ ಅಲ್ಲಿಗೆ ಹೋಗಲು ದಾರಿಯೇ ಇರುವುದಿಲ್ಲ. 1823ರಲ್ಲಿ ವಾರ್ನ್‌ಸ್‌ಡಾರ್ಫ್ ಎಂಬ ಜರ್ಮನ್ ಇದಕ್ಕೊಂದು ಸರಳ ಸೂತ್ರ ಹೇಳಿದ: ಮುಂದೆ ಹೋಗಬಹುದಾದ ಮನೆಗಳಲ್ಲಿ ಯಾವುದರಿಂದ ಹೊರಬರುವ ದಾರಿ ಅತ್ಯಂತ ಕಡಿಮೆಯೋ ಅಲ್ಲಿಗೆ ಮೊದಲು ಹೋಗು. ಅಪ್ಪನ ಎರಡನೆಯ ಪುಸ್ತಕವನ್ನು ಹಿಡಿದು ಹಿಂದಿನಿಂದ ಬಿಡಿಸುತ್ತ ಬಂದಾಗ, ಆ ಸೂತ್ರದ ಹೆಸರನ್ನೂ ಕೇಳಿರದ ಮನುಷ್ಯ ತಾನಾಗಿಯೇ ಅದನ್ನು ಕಂಡುಕೊಂಡಿದ್ದು ನನಗೆ ಕಂಡಿತು. ಪುಟದ ಅಂಚಿನಲ್ಲಿ ಪ್ರತಿ ಮನೆಯ ದಾರಿಗಳನ್ನು ಎಣಿಸಿ ಚುಕ್ಕೆ ಇಟ್ಟಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿನೆಂಟು ವರ್ಷ ಆ ಮನುಷ್ಯ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಾರೆಂದು ನಾನು ತಿಳಿದಿದ್ದೆ. ಅವರು ಕಲಿಯುತ್ತಿದ್ದರು.

ಮರುವರ್ಷ ಮೈಸೂರಿಗೆ ಹೋಗಿ ಜಗನ್ಮೋಹನ ಅರಮನೆಯನ್ನು ನೋಡಿದೆ. 1861ರಲ್ಲಿ ಮುಮ್ಮಡಿಯವರೇ ಕಟ್ಟಿಸಿದ ಕಟ್ಟಡವದು. ಎಲ್ಲರೂ ಅಲ್ಲಿ ರವಿವರ್ಮನ ಚಿತ್ರಗಳನ್ನು ನೋಡಲು ಹೋಗುತ್ತಾರೆ. ನಾನು ಮೇಲಂತಸ್ತಿನ ಗೋಡೆಗಳ ಮೇಲಿನ ಆಟದ ಚೌಕಗಳ ಎದುರು ನಿಂತೆ. ಜನ ಬಂದು ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದರು. ಅವುಗಳ ಎದುರು ನಿಂತಾಗ ನಾನು ಹಿಂದೆ ಕೊಟ್ಟಿದ್ದ ತೀರ್ಪು ಸಡಿಲವಾಗತೊಡಗಿತು. ಅದಕ್ಕೆ ಕಾರಣ ಆಟಗಳ ಚೆಲುವು ಮಾತ್ರವಲ್ಲ. ಆ ಮೂವತ್ತಾರು ವರ್ಷಗಳಲ್ಲಿ ಅವರು ಆಟದ ಜತೆಗೆ ಮಾಡಿದ ಇನ್ನೊಂದು ಕೆಲಸ.

ಅರಸರು ರಾಜ್ಯವನ್ನು ಒಂದು ದಿನವೂ ಬಿಟ್ಟುಕೊಟ್ಟಿರಲಿಲ್ಲ. 1840ರ ದಶಕದಲ್ಲಿ ಹಾರ್ಡಿಂಜ್‌ಗೆ, ಆಮೇಲೆ ಡಾಲ್‌ಹೌಸಿಗೆ, ಕ್ಯಾನಿಂಗ್‌ಗೆ ಅವರು ಒಂದರ ಮೇಲೊಂದು ಮನವಿ ಸಲ್ಲಿಸಿದರು. ಒಂದೊಂದೂ ತಿರಸ್ಕೃತವಾಯಿತು. ಅದೇ ಹೊತ್ತಿಗೆ ದತ್ತುಪುತ್ರರ ಹಕ್ಕನ್ನು ಒಪ್ಪದೆ 1848ರಲ್ಲಿ ಸತಾರಾವನ್ನು, 1854ರಲ್ಲಿ ನಾಗಪುರವನ್ನು, ಝಾನ್ಸಿಯನ್ನು ಡಾಲ್‌ಹೌಸಿ ಸೇರಿಸಿಕೊಂಡದ್ದನ್ನು ಅವರು ನೋಡುತ್ತಿದ್ದರು. ಅವರಿಗೂ ಪಟ್ಟಕ್ಕೆ ಹಕ್ಕುಳ್ಳ ಮಗನಿರಲಿಲ್ಲ. ತಾವು ಕಣ್ಣು ಮುಚ್ಚಿದ ದಿನ ಮೈಸೂರು ಹೆಸರಿಗೂ ಉಳಿಯದೆಂಬ ಭಯ ಅವರಿಗಿದ್ದುದು ಸಹಜ. 1857ರಲ್ಲಿ ಅವರು ಬ್ರಿಟಿಷರ ಪರವಾಗಿ ನಿಂತರು. ಇಂದು ನಮಗೆ ಅದು ಹಿತವೆನಿಸದು. ಆದರೆ ಮೂಲೆಯಲ್ಲಿ ನಿಂತ ಕುದುರೆಗೆ ಇದ್ದದ್ದು ಎರಡೇ ದಾರಿ ಎಂಬುದನ್ನು ಮರೆತು ಅವರನ್ನು ಅಳೆಯುವುದೂ ನ್ಯಾಯವಲ್ಲ.

1865ರ ಜೂನ್‌ನಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಸರ್ಕಾರದ ಒಪ್ಪಿಗೆಗೆ ಕಾಯದೆ ಅವರು ಎರಡು ವರ್ಷದ ಒಂದು ಮಗುವನ್ನು ದತ್ತು ತೆಗೆದುಕೊಂಡರು. ಅದೇ ಮುಂದೆ ಚಾಮರಾಜ ಒಡೆಯರಾದ ಮಗು. ಕಲ್ಕತ್ತ ಒಪ್ಪಲಿಲ್ಲ. ವಿಷಯ ಲಂಡನ್ನಿಗೆ ಹೋಯಿತು, ಪಾರ್ಲಿಮೆಂಟಿನ ಬಾಗಿಲು ತಟ್ಟಿತು. 1867ರ ಏಪ್ರಿಲ್‌ನಲ್ಲಿ ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟ್ ದತ್ತುಪುತ್ರನಿಗೆ ರಾಜ್ಯ ಸಲ್ಲುವುದೆಂಬ ನಿರ್ಧಾರ ತಿಳಿಸಿದ. ಅದಾಗಿ ವರ್ಷ ಕಳೆಯುವ ಮೊದಲೇ, 1868ರ ಮಾರ್ಚ್ 27ರಂದು, ಮುಮ್ಮಡಿಯವರು 73ನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಜ್ಯ ಮರಳಿದ್ದು 1881ರ ಮಾರ್ಚ್ 25ರಂದು. ಅದೇ ವರ್ಷ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಮುಂದಿನ ಅರ್ಧ ಶತಮಾನದಲ್ಲಿ ಆ ಸಂಸ್ಥಾನ ಗಳಿಸಿದ ಹೆಸರು ಎಲ್ಲರಿಗೂ ಗೊತ್ತು. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾದದ್ದು ಆ ಸಂಸ್ಥಾನದಲ್ಲಿ. ಮುಮ್ಮಡಿಯವರು ಕೊನೆಯವರೆಗೂ ಹಟ ಹಿಡಿಯದಿದ್ದರೆ ಆ ಸಂಸ್ಥಾನವೇ ಇರುತ್ತಿರಲಿಲ್ಲ.

ಆಟವೇ ಅವರಿಗೆ ಈ ಹಟವನ್ನು ಕಲಿಸಿತೆಂದು ನಾನು ವಾದಿಸುವುದಿಲ್ಲ. ಹಾಗೆ ಸಾಧಿಸಿ ತೋರಿಸಲು ಯಾರಿಂದಲೂ ಆಗದು. ಇಷ್ಟು ಮಾತ್ರ ಹೇಳಬಲ್ಲೆ: ಆಟವಾಡುತ್ತ ರಾಜ್ಯ ಮರೆತ ದೊರೆ ಎಂಬ ಚಿತ್ರಕ್ಕೂ, ತಿರಸ್ಕೃತವಾದ ಪತ್ರದ ಬೆನ್ನಿಗೇ ಮತ್ತೊಂದು ಪತ್ರ ಬರೆಸಿದ ಮುದುಕನ ಚಿತ್ರಕ್ಕೂ ತಾಳೆಯಾಗುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಖಜಾನೆಯನ್ನು ಲೆಕ್ಕವಿಲ್ಲದೆ ಖರ್ಚು ಮಾಡಿದ ಕೈ, ಅರವತ್ತರ ವಯಸ್ಸಿನಲ್ಲಿ ಒಂದೊಂದು ಸಾಲಿನ ಮೊತ್ತವನ್ನೂ 260ಕ್ಕೆ ತಂದು ನಿಲ್ಲಿಸುತ್ತಿತ್ತು. ಮನುಷ್ಯ ಬದಲಾಗಿದ್ದ. ಅವನ ತಪ್ಪಿಗೆ ಬೆಲೆ ತೆತ್ತವರು ನಗರ ಸೀಮೆಯ ರೈತರು. ಆ ಬದಲಾವಣೆಯಿಂದ ಅವರಿಗೇನೂ ದೊರೆಯಲಿಲ್ಲ ಎಂಬುದು ಅಷ್ಟೇ ಸತ್ಯ. ಎರಡನ್ನೂ ಒಟ್ಟಿಗೆ ಬರೆಯುವುದೇ ಚರಿತ್ರೆಯ ಕೆಲಸ. ಒಂದನ್ನು ಮಾತ್ರ ಬರೆದುಕೊಂಡು ನಾವು ಸುಮ್ಮನಾಗಿದ್ದೇವೆ.

ನಮ್ಮ ಕಾಲದಲ್ಲಿ ಕೆಲಸ ಕಳೆದುಕೊಂಡವರು, ಅಂಗಡಿ ಮುಚ್ಚಿದವರು, ಹೊತ್ತಿಗೆ ಮೊದಲೇ ಮನೆಗೆ ಮರಳಿದವರು ಎಲ್ಲ ಬೀದಿಗಳಲ್ಲಿಯೂ ಇದ್ದಾರೆ. ಅವರು ಏನನ್ನಾದರೂ ಕಲಿಯಲು ಕುಳಿತರೆ, ಅದರಿಂದ ಬರುವುದೇನು ಎಂದು ಮನೆಯವರೇ ಮೊದಲು ಕೇಳುತ್ತೇವೆ. ನಾನೂ ಕೇಳಿದೆ, ಬಾಯಿಂದಲ್ಲ, ತಿರುಗಿಸಿದ ಮುಖದಿಂದ. ಆ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಉತ್ತರ ಕೊಡಬೇಕಾದವರು ಇರಲಿಲ್ಲ.

ಅಪ್ಪನ ಒಂಬತ್ತನೆಯ ಪುಸ್ತಕದ ಕೊನೆಯ ಚೌಕ ಪೂರ್ತಿಯಾಗಿದೆ, ಆದರೆ ಸರಿಯಾಗಿಲ್ಲ. ಎಂಟು ಅಡ್ಡಸಾಲುಗಳೂ 260. ಉದ್ದಸಾಲುಗಳಲ್ಲಿ ಕೆಲವು 256, ಕೆಲವು 264. ಒಂದು ಕಡೆ ನಾಲ್ಕು ಕಡಿಮೆ, ಇನ್ನೊಂದು ಕಡೆ ನಾಲ್ಕು ಹೆಚ್ಚು. ಅದನ್ನು ಸರಿಪಡಿಸಲು ನಾನು ವರ್ಷಗಟ್ಟಲೆ ಕೂತಿದ್ದೇನೆ, ಆಗಿಲ್ಲ. ನನ್ನ ಆಟ ಸುಧಾರಿಸಿದೆ: ಯಾವ ಮನೆಯಿಂದ ಹೊರಟರೂ ಅರವತ್ತನಾಲ್ಕು ಮುಟ್ಟಬಲ್ಲೆ, ಹೊರಟ ಮನೆಗೇ ಮರಳಿ ಬರಬಲ್ಲೆ. ಅರಸರು ತಲುಪಿದ ಕಡೆಗೆ ತಲುಪಿಲ್ಲ. ಅಪ್ಪ ನಿಂತ ಕಡೆಗೂ ಇನ್ನೂ ಪೂರ್ತಿಯಾಗಿ ತಲುಪಿಲ್ಲ.

ಎದುರು ಮನೆಯ ಹುಡುಗಿಗೆ ಆನೆ, ಒಂಟೆ, ಮಂತ್ರಿಗಳ ನಡೆಯನ್ನು ಒಂದೇ ಸಂಜೆಯಲ್ಲಿ ಹೇಳಿ ಮುಗಿಸಿದೆ. ಆಮೇಲೆ ಹಲಗೆಯನ್ನು ಖಾಲಿ ಮಾಡಿ, ಒಂದು ಕುದುರೆಯನ್ನು ಮಾತ್ರ ಉಳಿಸಿ, ಕಾಗದ ಪೆನ್ಸಿಲು ಕೊಟ್ಟೆ. ಮೊದಲ ಸಲ ಅವಳ ಕುದುರೆ ಮೂವತ್ತೊಂಬತ್ತರಲ್ಲಿ ನಿಂತಿತು. ಮರುದಿನ ಐವತ್ತೇಳರಲ್ಲಿ. ಸೂತ್ರವನ್ನು ನಾನು ಹೇಳಲಿಲ್ಲ. ಅವಳೇ ಕಂಡುಕೊಳ್ಳಲಿ ಎಂದು ಕಾಯುತ್ತ ಎದುರಿಗೆ ಕೂತಿದ್ದೇನೆ. ಅಪ್ಪನ ಎದುರಿಗೆ ಕೂರದವನು.